ಬೇಗಡೆಯ ಮದುಮಗ

ದೆವ್ವಗಳು ಹೆದರಿಸಬಾರದು, ಮಿಂಚಬೇಕು. ಇದು ಮೇಡಂ ಹಾಕಿದ ಮೊದಲ ಷರತ್ತು. ಅದನ್ನು ಕುವೈತಿನ ಫಹಾಹೀಲಿನಲ್ಲಿದ್ದ ಅಂಗಡಿಗೆ ಹೊತ್ತು ತಂದವಳು ಇಸಾಬೆಲ್. ಎಣ್ಣೆ ಬಾವಿಗಳ ಬೆಂಕಿ ಆರಿಸಲು ಬಂದಿದ್ದ ಅಮೆರಿಕದವರ ಕಾಂಪೌಂಡಿನಲ್ಲಿ ಅವಳು ಮೇಡಂ ಕೈಕೆಳಗೆ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತಿದ್ದಳು. ಕಿನ್ನಿಗೋಳಿ ಕಡೆಯ ಕ್ರಿಶ್ಚಿಯನ್ ಹೆಂಗಸು. ಮನೆಮಾತು ಕೊಂಕಣಿ, ಅಂಗಡಿ ನೋಡಿಕೊಳ್ಳುತ್ತಿದ್ದ ಆಶಾಲತಾಳ ಜೊತೆ ಮಾತ್ರ ತುಳು.

"ಹ್ಯಾಲೊವೀನ್ ಅಂತ ಅವರದ್ದೊಂದು ಹಬ್ಬ ಉಂಟು ಆಶಕ್ಕ. ದೆವ್ವ, ತಲೆಬುರುಡೆ, ಬಾವಲಿ, ಕುಂಬಳಕಾಯಿ. ಗಂಡಸರು ದಿನಾ ಮೈಯೆಲ್ಲ ಮಸಿ ಮಾಡಿಕೊಂಡು ಬರುತ್ತಾರಲ್ಲ, ಅವರಿಗೆ ಇನ್ನಷ್ಟು ಕಪ್ಪು ತೋರಿಸುವುದು ಬೇಡವಂತೆ ಮೇಡಂಗೆ. ಗ್ಲಾಮರ್ ಬೇಕಂತೆ. ಚಿನ್ನ, ಬೆಳ್ಳಿ, ಮಿಣಮಿಣ."

"ತಲೆಬುರುಡೆಗೆ ಗ್ಲಾಮರಾ?" ಎಂದ ಆಶಾಲತಾಳ ಗಂಡ ಸುಕುಮಾರ. "ಬದುಕಿರುವ ನಮ್ಮ ಮುಖಕ್ಕೇ ಇಲ್ಲ."

"ನಿಮ್ಮ ಮುಖಕ್ಕೆ ಯಾರೂ ಆರ್ಡರ್ ಕೊಟ್ಟಿಲ್ಲ ಸುಕುಮಾರಣ್ಣ."

ಆಶಾಲತಾ ನಗಲಿಲ್ಲ. ಹಿಂದಿನ ಗೋದಾಮಿನಲ್ಲಿ ಏನೇನು ಉಳಿದಿದೆ ಎಂದು ಆಗಲೇ ಲೆಕ್ಕ ಹಾಕುತ್ತಿದ್ದಳು.

ಅಂಗಡಿ ಸ್ಟೇಷನರಿ ಮತ್ತು ಗಿಫ್ಟ್ ಸಾಮಾನಿನದು. ಇರಾಕಿ ಸೈನಿಕರು ಹೋಗುವಾಗ ಪೆನ್ನು, ಕ್ಯಾಲ್ಕುಲೇಟರು, ಫ್ಯಾನು, ಕೊನೆಗೆ ಕಕ್ಕಸಿನ ನಲ್ಲಿಯನ್ನೂ ಬಿಚ್ಚಿಕೊಂಡು ಹೋಗಿದ್ದರು. ಬಿಟ್ಟುಹೋದದ್ದು ಕ್ರೇಪ್ ಕಾಗದ, ಚಾರ್ಟು, ಥರ್ಮೊಕೋಲ್, ಬೇಗಡೆಯ ಸುರುಳಿಗಳು, ಜರಿಪುಡಿ, ಒಂದು ಪೆಟ್ಟಿಗೆ ಬಲೂನು. ಯುದ್ಧ ಮಾಡುವವರಿಗೆ ಬೇಡವಾದ ಸಾಮಾನು. ಅಂಗಡಿಯ ಕುವೈತಿ ಮಾಲೀಕ, ಅವರ ಕಫೀಲ್, ಒಮ್ಮೆ ಬಂದು ನೋಡಿ, ಇದನ್ನು ಮಾರಿ ಅಂಗಡಿ ಎಬ್ಬಿಸುವುದಾದರೆ ಎಬ್ಬಿಸಿ, ಇಲ್ಲದಿದ್ದರೆ ಹೊಸ ವರ್ಷಕ್ಕೆ ಖಲಾಸ್ ಎಂದು ಹೇಳಿ ಹೋಗಿದ್ದ. ಬುರುಡೆ ಮಾಡುವ ವಿಷಯ ಕೇಳಿದಾಗ ಅವನು ಮುಖ ಸಿಂಡರಿಸಿದ. "ಶಟರ್ ಇಳಿಸಿಕೊಂಡು ಮಾಡಿ. ನಾನು ನೋಡಿಲ್ಲ, ನೀವು ಹೇಳಿಲ್ಲ."

ಹಾಗಾಗಿ ಆ ಅಕ್ಟೋಬರಿನಲ್ಲಿ ಗಂಡ ಹೆಂಡತಿ ಅರ್ಧ ಇಳಿಸಿದ ಶಟರಿನ ಹಿಂದೆ ಕೂತು ದೆವ್ವಗಳನ್ನು ತಯಾರಿಸಿದರು. ಬಲೂನು ಊದಿ, ಮೈದಾ ಅಂಟಿನಲ್ಲಿ ಅದ್ದಿದ ಪೇಪರು ಸುತ್ತಿ, ಒಣಗಿದ ಮೇಲೆ ಬಲೂನು ಒಡೆದರೆ ಕುಂಬಳಕಾಯಿಯ ಹೊಟ್ಟೆ ಸಿಗುತ್ತಿತ್ತು. ಅದಕ್ಕೆ ಕಿತ್ತಳೆ ಕ್ರೇಪನ್ನು ನಿರಿಗೆ ಹಿಡಿದು ಅಂಟಿಸಿ, ನಿರಿಗೆಯ ಸಂದಿನಲ್ಲಿ ಚಿನ್ನದ ಬೇಗಡೆ. ಥರ್ಮೊಕೋಲಿನ ಬುರುಡೆಗಳಿಗೆ ಬೆಳ್ಳಿ ಜರಿ. ಹಾಳಾದ ವಿಡಿಯೊ ಕ್ಯಾಸೆಟ್ಟುಗಳ ಟೇಪು ಎಳೆದು ತೂಗುಬಿಟ್ಟರೆ ಗೊಂಚಲು ದೀಪದಂತೆ ಹೊಳೆಯುತ್ತಿತ್ತು. ಬಾವಲಿಗಳಿಗೆ ಕಪ್ಪು ಚಾರ್ಟು ಸಾಲದೆ ಬಂದಾಗ ಸುಕುಮಾರ ಬಿಳಿ ಚಾರ್ಟಿಗೇ ಮಸಿ ಬಳಿದ. ಏಸಿಯ ಜಾಲರಿ ಕೆರೆದರೆ ಅಂಗೈತುಂಬ ಬರುವ ಎಣ್ಣೆ ಮಸಿ, ಫೆವಿಕಾಲಿನಲ್ಲಿ ಕಲಸಿದರೆ ಪಾಲಿಶ್ ಮಾಡಿದ ಬೂಟಿನ ಹಾಗೆ ಮಿಂಚುತ್ತಿತ್ತು. ಕುವೈತಿನಲ್ಲಿ ಆ ವರ್ಷ ಪುಕ್ಕಟೆ ಸಿಗುತ್ತಿದ್ದದ್ದು ಅದೊಂದೇ.

ಕಾಪುವಿನಲ್ಲಿದ್ದಾಗ ದೀಪಾವಳಿಗೆ ಗೂಡುದೀಪದ ಸ್ಪರ್ಧೆಗೆಂದು ಆಶಾಲತಾ ಇದೇ ಕೆಲಸ ಮಾಡುತ್ತಿದ್ದಳು. ಕಡ್ಡಿ ಸೀಳಿ ಕೊಡುತ್ತಿದ್ದವನು ತಮ್ಮ ಅಕ್ಷಯ್. ಅವನು ಸೀಳಿದ ಕಡ್ಡಿ ಎಂದೂ ಸಮ ಇರುತ್ತಿರಲಿಲ್ಲ. ಅವರ ಗೂಡುದೀಪ ಪ್ರತಿವರ್ಷ ಒಂದು ಕಡೆ ವಾಲುತ್ತಿತ್ತು, ಸಮಾಧಾನಕರ ಬಹುಮಾನಕ್ಕೂ ಬರುತ್ತಿರಲಿಲ್ಲ.

ಮೇಡಂ ಕೇಳಿದ ಕೊನೆಯ ವಸ್ತು ನಡು ಮೇಜಿಗೆ. ಮದುಮಗ, ಮದುಮಗಳು. ಇಬ್ಬರೂ ಅಸ್ಥಿಪಂಜರಗಳು, ಆಳೆತ್ತರ, ಮದುವೆಯ ಪೂರ್ತಿ ಅಲಂಕಾರದಲ್ಲಿ. ಅದನ್ನು ಹೇಳುವಾಗ ಇಸಾಬೆಲ್ ಸ್ವಲ್ಪ ತಡವರಿಸಿದಳು. ಸತ್ತವರ ಮದುವೆ ಎಂದರೆ ತುಳುನಾಡಿನ ಹೆಂಗಸಿನ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆಶಾಲತಾಳ ಮನೆಯಲ್ಲಿ ಅದೇ ಮಾತು ನಡೆಯುತ್ತಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ಪ್ರತಿ ಶುಕ್ರವಾರ ಕಾಪು ಪೇಟೆಯ ಎಸ್‌ಟಿಡಿ ಬೂತಿನಲ್ಲಿ ಅಮ್ಮ ಸರಸಮ್ಮ ಬಂದು ಕೂರುತ್ತಿದ್ದಳು, ಆಶಾಲತಾ ಅಂಗಡಿಯಿಂದ ಫೋನ್ ಮಾಡುತ್ತಿದ್ದಳು.

"ಅಪೇಕ್ಷಾಳದ್ದು ಇದೂ ತಪ್ಪಿತು," ಎಂದಳು ಸರಸಮ್ಮ. ಅಪೇಕ್ಷಾ ಕೊನೆಯ ಮಗಳು. "ಮುಲ್ಕಿಯ ಹುಡುಗ. ಎಲ್ಲ ಮಾತಾಗಿ, ನಿಶ್ಚಯಕ್ಕೆ ದಿನ ನೋಡುವ ಹೊತ್ತಿಗೆ ಬೇಡ ಅಂದರು."

"ಬೇರೆ ಹುಡುಗ ಸಿಗುತ್ತಾನೆ."

"ಎಷ್ಟು ಸಲ ಸಿಗುವುದು? ಜೋಯಿಸರಲ್ಲಿ ಮತ್ತೆ ಕೇಳಿಸಿದೆವು. ಮನೆಯಲ್ಲಿ ಮದುವೆಯಾಗದ ಗಂಡು ಕುಲೆ ಅಡ್ಡ ನಿಂತಿದೆ ಅಂದರು."

ಆಶಾಲತಾ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಅವಳ ಕಡೆಯವರ ನಂಬಿಕೆಯಲ್ಲಿ ಸತ್ತವರು ದೂರ ಹೋಗುವುದಿಲ್ಲ. ಕುಲೆಗಳಾಗಿ ಮನೆಯ ಸುತ್ತಲೇ ಇರುತ್ತಾರೆ. ಹಸಿದರೆ ಎಲೆ ಹಾಕಿ ಬಡಿಸಬೇಕು, ಪ್ರಾಯಕ್ಕೆ ಬಂದರೆ ಇನ್ನೊಂದು ಮನೆಯ ಕುಲೆಯನ್ನು ಹುಡುಕಿ ಮದುವೆ ಮಾಡಬೇಕು. ಬೆಂಚಿನ ಮೇಲೆ ಸೀರೆ, ಬಳೆ, ಕರಿಮಣಿ ಒಂದು ಕಡೆ, ಪಂಚೆ ಶರ್ಟು ಒಂದು ಕಡೆ ಇಟ್ಟು, ಸೆರಗಿಗೆ ಗಂಟು ಹಾಕಿ, ಧಾರೆ ಎರೆದು, ಊಟ ಬಡಿಸಿ ಕಳಿಸಬೇಕು. ಅದಾಗುವವರೆಗೆ ಒಡಹುಟ್ಟಿದವರಿಗೆ ದಾರಿ ಬಿಡುವುದಿಲ್ಲ.

"ಹುಡುಗಿ ಸಿಕ್ಕಿದ್ದಾಳೆ," ಎಂದಳು ಅಮ್ಮ. "ಪಡುಬಿದ್ರಿಯವರು. ಆರು ವರ್ಷ ಇರುವಾಗ ಜ್ವರದಲ್ಲಿ ಹೋದದ್ದು."

"ಆರು ವರ್ಷದ ಮಗುವನ್ನು ಅಕ್ಷಯನಿಗೆ ಕಟ್ಟುತ್ತೀಯಾ?"

"ಈಗ ಅವಳಿಗೆ ಇಪ್ಪತ್ತೆರಡು. ಅವರೂ ಬೆಳೆಯುತ್ತಾರೆ ಮಗಳೇ."

"ಅವನು ಸತ್ತಿಲ್ಲ ಅಮ್ಮ."

"ಹಾಗಾದರೆ ಎಲ್ಲಿದ್ದಾನೆ?"

ಅದನ್ನೇ ಆಶಾಲತಾ ಜುಲೈನಿಂದ ಕಂಡಕಂಡವರಲ್ಲಿ ಕೇಳುತ್ತ ಬಂದಿದ್ದಳು. ಕುವೈತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಆಟಿ ತಿಂಗಳಲ್ಲೇ ಆಗಬೇಕಿತ್ತು," ಎಂದಳು ಅಮ್ಮ. "ನಿನ್ನ ಬಾಯಿ ಕಾದು ಆಟಿ ಹೋಯಿತು. ದೀಪಾವಳಿಯ ಅಮಾವಾಸ್ಯೆಗಾದರೂ ಮುಗಿಸಿ ಅಂದಿದ್ದಾರೆ ಜೋಯಿಸರು. ಮೊದಲು ಬೊಜ್ಜ, ಉತ್ತರಕ್ರಿಯೆ ಎಲ್ಲ ಮಾಡಿ ಅವನನ್ನು ಕಳಿಸಬೇಕು, ಆಮೇಲೆ ಮದುವೆ. ಮನೆಯ ಹಿರಿ ಮಗಳು ನೀನು. ಅವನನ್ನು ಕಡೆಗೆ ಕಂಡವಳೂ ನೀನೇ. ನೀನು ಬಾಯಿಬಿಟ್ಟು ಹೇಳದೆ ಒಂದು ಹಿಡಿ ಅನ್ನವನ್ನೂ ಇಡುವುದಿಲ್ಲ ಅಂತ ನಿನ್ನ ಸೋದರಮಾವ ಕೂತಿದ್ದಾನೆ."

"ನಾನು ಹೇಳುವುದಿಲ್ಲ," ಎಂದು ಆಶಾಲತಾ ಫೋನಿಟ್ಟಳು.

ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ, ಇರಾಕಿಗಳು ಬಂದು ಕೂತ ಮೇಲೆ, ಅವಳೂ ಸುಕುಮಾರನೂ ಬಾಗ್ದಾದಿನ ಬಸ್ಸು ಹತ್ತಿ ಜೋರ್ಡಾನಿಗೆ ಹೋಗಿ ವಿಮಾನ ಹಿಡಿದಿದ್ದರು. ಅಕ್ಷಯ್ ಬರಲಿಲ್ಲ. ಅಂಗಡಿಯ ಬ್ಯಾಟರಿ, ಸಿಗರೇಟು ಲೈಟರುಗಳನ್ನು ಫುಟ್‌ಪಾತಿನಲ್ಲಿ ಹರಡಿ ಸೈನಿಕರಿಗೇ ಮಾರುತ್ತಿದ್ದ. ಮಾತಿನ ಮಲ್ಲ. ಬಂದೂಕು ಹಿಡಿದವನ ಹತ್ತಿರವೂ ಚೌಕಾಶಿ ಮಾಡುತ್ತಿದ್ದ. "ನೀವು ಹೋಗಿ ಅಕ್ಕ, ನಾನು ಮುಂದಿನ ಬಸ್ಸಿಗೆ ಬರುತ್ತೇನೆ," ಎಂದು ಅವಳ ಚೀಲವನ್ನು ಬಸ್ಸಿನ ಮೇಲೆ ಎಸೆದ. ಮುಂದಿನ ಬಸ್ಸಿಗೆ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ.

ಜುಲೈನಲ್ಲಿ ಕಫೀಲ್ ಕರೆಸಿಕೊಂಡ ಮೇಲೆ ಅವರು ವಾಪಸು ಬಂದು ಊರೆಲ್ಲ ಕೇಳಿದರು. ಬೇಕರಿಯ ಮೋರಿಸ್ ಜನವರಿಯಲ್ಲಿ ಅವನನ್ನು ಮಹಬೂಲಾದಲ್ಲಿ ಕಂಡಿದ್ದನಂತೆ. ಇನ್ನೊಬ್ಬ, ಸೈನಿಕರು ಓಡಿಹೋಗುವ ಮೊದಲು ಜನರನ್ನು ತುಂಬಿದ ಲಾರಿಯೊಂದರಲ್ಲಿ ಅಂಥವನೊಬ್ಬ ಇದ್ದ ಎಂದ. ಅಂಥವರು ತುಂಬ ಜನ ಇದ್ದರು.

ಫ್ಲಾಟಿನಲ್ಲಿ ಅವನ ಒಂದು ಚಡ್ಡಿಯನ್ನೂ ಸೈನಿಕರು ಬಿಟ್ಟಿರಲಿಲ್ಲ. ಆದರೆ ಕೆಳಗಿನ ಲಾಂಡ್ರಿಯ ಪಾಕಿಸ್ತಾನಿ ಚಾಚಾ ಅವಳನ್ನು ಕರೆದು, ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಶರ್ಟನ್ನು ಕೈಗಿತ್ತ. ಕಪ್ಪು ಸ್ಯಾಟಿನ್, ಚಿನ್ನದ ಬಣ್ಣದ ಗುಂಡಿ. ಅಪೇಕ್ಷಾಳ ಮದುವೆಗೆ ಹಾಕುತ್ತೇನೆಂದು ಅಕ್ಷಯ್ ಸೂಕಿನ ಬಟ್ಟೆಪೇಟೆಯಲ್ಲಿ ಕೊಂಡದ್ದು. ಅಪೇಕ್ಷಾಳಿಗೆ ಆಗ ಗಂಡು ನೋಡಲೂ ಶುರುಮಾಡಿರಲಿಲ್ಲ. ಬಾಂಬು ಬೀಳುವ ಸ್ವಲ್ಪ ಮೊದಲು ತಂದುಕೊಟ್ಟ, ಶುಕ್ರವಾರ ಬರುತ್ತೇನೆ ಅಂದ, ಎಂದು ಚಾಚಾ ಹೇಳಿದ.

ಆ ಶರ್ಟೇ ಆಶಾಲತಾಳ ವಾದ. ಸಾಯುವವನು ಶರ್ಟು ತೊಳೆಯಲು ಹಾಕುತ್ತಾನಾ?

"ಸಾಯುವವನಿಗೆ ಸಾಯುತ್ತೇನೆ ಅಂತ ಗೊತ್ತಿರುತ್ತದಾ?" ಎಂದು ಸುಕುಮಾರ ಒಮ್ಮೆ ಕೇಳಿದ್ದ. ಅವಳು ಎರಡು ದಿನ ಅವನಿಗೆ ಬಡಿಸಿರಲಿಲ್ಲ. ಅವನು ಮತ್ತೆ ಆ ಮಾತು ಎತ್ತಿರಲಿಲ್ಲ.

ಮದುಮಗಳು ಬೇಗ ಆದಳು. ತಂತಿಯ ಮೈ, ಸುರುಳಿ ಸುತ್ತಿದ ಪೇಪರಿನ ಎಲುಬು, ಥರ್ಮೊಕೋಲಿನ ತಲೆ. ಹಳೆಯ ಸೊಳ್ಳೆಪರದೆಗೆ ಜರಿಪುಡಿ ಚಿಮುಕಿಸಿ ಮುಸುಕು ಮಾಡಿದಳು. ಮೇಡಂ ಗುಲಾಬಿ ಕೇಳಿದ್ದಳು. ಆಶಾಲತಾಳ ಬೆರಳುಗಳು ಬಿಳಿ ಕ್ರೇಪನ್ನು ಕತ್ತರಿಸಿ, ತಿರುಚಿ, ಬಾಳೆನಾರಿಗೆ ಬದಲು ದಾರದಲ್ಲಿ ಕಟ್ಟುತ್ತ ಹೋದವು. ಮುಗಿದಾಗ ನೋಡಿದರೆ ಮಲ್ಲಿಗೆ ದಂಡೆಗಳ ಅಟ್ಟಿ. ಇರಲಿ ಎಂದು ಬುರುಡೆಯ ಹಿಂದೆ ಮುಡಿಸಿದಳು. ಕೈ ಬರೀ ಎಲುಬಾಗಿ ಕಂಡಿತು. ತನ್ನ ಗಾಜಿನ ಬಳೆ ನಾಲ್ಕು ತೊಡಿಸಿದಳು.

ಮದುಮಗ ಮಾತ್ರ ಸತಾಯಿಸಿದ. ಕಪ್ಪು ಕ್ರೇಪಿನ ಕೋಟು ಭುಜದಲ್ಲಿ ಹರಿಯಿತು. ಇನ್ನೊಂದು ಹೊಲಿದರೆ ತೋಯ್ದ ಕಾಗೆಯ ಹಾಗೆ ಜೋತುಬಿದ್ದಿತು. ಸೂಕಿನಲ್ಲಿ ಕಪ್ಪು ಬಟ್ಟೆಯೆಂದರೆ ಸಿಗುತ್ತಿದ್ದದ್ದು ಅಲ್ಲಿನ ಹೆಂಗಸರು ಹೊದೆಯುವ ಅಬಾಯಾದ್ದು. ಅದನ್ನು ಕತ್ತರಿಸಿ ಬುರುಡೆಗೆ ತೊಡಿಸಿದ್ದು ಯಾರಾದರೂ ಕಂಡರೆ ಮರುದಿನ ನಮ್ಮನ್ನೇ ಗಡಿ ದಾಟಿಸುತ್ತಾರೆ ಎಂದು ಸುಕುಮಾರ ಕೈ ಮುಗಿದ.

"ಭುಜ ಯಾಕೆ ಹೀಗಿದೆ?" ಎಂದೂ ಕೇಳಿದ.

"ಹೇಗಿದೆ?"

"ಎಡಗಡೆ ತಗ್ಗು. ತಂತಿ ಸರಿ ಬಗ್ಗಿಸು."

ಅವಳು ದೂರ ನಿಂತು ನೋಡಿದಳು. ಹೌದು, ತಗ್ಗಿತ್ತು. ಗೇರುಮರದಿಂದ ಬಿದ್ದು ಕುತ್ತಿಗೆಯ ಕೆಳಗಿನ ಎಲುಬು ಮುರಿದ ಮೇಲೆ ಅಕ್ಷಯನ ಎಡಭುಜ ಹಾಗೇ ಇಳಿದುಹೋಗಿತ್ತು. ಅವಳೇನೂ ಬೇಕೆಂದು ಮಾಡಿರಲಿಲ್ಲ. ಗಂಡಸಿನ ಮೈ ಎಂದು ಕೈ ಅಳೆದದ್ದು ಅದನ್ನೇ. ಸುಕುಮಾರನಿಗೂ ಅಷ್ಟರಲ್ಲಿ ಹೊಳೆಯಿತು. ಅವನು ಮಸಿ ಡಬ್ಬಿ ಎತ್ತಿಕೊಂಡು ಗೋದಾಮಿಗೆ ಹೋದ.

ಅವಳು ತಂತಿ ಸರಿ ಮಾಡಲಿಲ್ಲ. ಮೇಲೆ ಫ್ಲಾಟಿಗೆ ಹೋಗಿ ಕವರಿನಿಂದ ಶರ್ಟು ತಂದಳು. ಅಳತೆಗೆಂದು ಹಾಕಿ ನೋಡಿದಳು, ಅಷ್ಟೇ. ತೋಳು ಮಣಿಕಟ್ಟಿಗೆ ಸರಿಯಾಗಿ ಬಂದಿತು. ತಗ್ಗಿದ ಭುಜದ ಮೇಲೆ ಹೊಲಿಗೆ ಸರಿಯಾಗಿ ಕೂತಿತು. ಎಲ್ಲದರ ಮೇಲೂ ಮಸಿ ಕೂತು ಬೂದಿಯಾಗಿದ್ದ ಆ ಊರಿನಲ್ಲಿ, ಪ್ಲಾಸ್ಟಿಕ್ಕಿನೊಳಗೆ ಉಳಿದಿದ್ದ ಆ ಶರ್ಟೊಂದೇ ನಿಜವಾದ ಕಪ್ಪಾಗಿ ಹೊಳೆಯುತ್ತಿತ್ತು. ಮೇಡಂ ಕೇಳಿದ ಗ್ಲಾಮರ್ ಅದೇ ಆಗಿತ್ತು.

ಸತ್ತವನ ಶರ್ಟಾದರೆ ಮುಟ್ಟಲು ಹೆದರಬೇಕು, ಎಂದುಕೊಂಡಳು ಆಶಾಲತಾ. ಬದುಕಿರುವವನದ್ದನ್ನು ಎರವಲು ತೆಗೆದುಕೊಂಡರೆ ಏನು? ಅಮ್ಮನ ಎದುರಿಗೇ ನಿಂತು ವಾದಿಸುವವಳಂತೆ ಅವಳು ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಹೆಗಲಿಗೆ ಬೇಗಡೆಯ ಶಾಲು ಹೊದಿಸಿದಳು. ಒಂದು ರಾತ್ರಿಯ ಮಾತು, ಶುಕ್ರವಾರ ಬೆಳಿಗ್ಗೆ ವಾಪಸು.

ಗುರುವಾರ ಮಧ್ಯಾಹ್ನ ಇಸಾಬೆಲ್ ವ್ಯಾನು ತಂದಳು. ಜೊತೆಗೆ ಕಾಂಪೌಂಡಿನ ಕ್ಲೀನರ್ ಮೋನಪ್ಪ, ಬಜ್ಪೆಯವನು, ಬಂದು ಇನ್ನೂ ತಿಂಗಳಾಗಿರಲಿಲ್ಲ. ಕುಂಬಳಕಾಯಿಗಳು ಹೋದವು, ಬಾವಲಿಗಳು ಹೋದವು. ಇಸಾಬೆಲ್ ಪ್ರತಿಯೊಂದನ್ನೂ ನೋಡಿ "ಜೇಜುವೇ, ಎಷ್ಟು ಚೆಂದ!" ಎನ್ನುತ್ತಿದ್ದಳು. ಮೂಲೆಯಲ್ಲಿ ಬೆಂಚಿನ ಮೇಲೆ ಕೂತಿದ್ದ ಜೋಡಿಯ ಮುಂದೆ ಬಂದಾಗ ಅವಳು ಶಿಲುಬೆಯ ಗುರುತು ಹಾಕಿಕೊಂಡಳು.

ಮದುಮಗಳು ಮದುಮಗನ ಎಡಕ್ಕೆ ಕೂತಿದ್ದಳು. ಕುತ್ತಿಗೆಯಲ್ಲಿ ಕರಿಮಣಿ. ಸೊಳ್ಳೆಪರದೆಯ ತುದಿಗೂ ಬೇಗಡೆಯ ಶಾಲಿಗೂ ಗಂಟು. ಇಬ್ಬರ ಮುಂದೆಯೂ ಹಸಿರು ಕ್ರೇಪಿನಲ್ಲಿ ಕತ್ತರಿಸಿದ ಬಾಳೆಲೆ, ತುದಿ ಎಡಕ್ಕೆ. ಎಲೆಯ ಮೇಲೆ ಥರ್ಮೊಕೋಲಿನ ಪುಡಿ, ಅನ್ನದ ಹಾಗೆ ರಾಶಿ ಮಾಡಿದ್ದು.

"ಆಶಕ್ಕ," ಎಂದಳು ಇಸಾಬೆಲ್ ಮೆಲ್ಲಗೆ. "ಇದು ಯಾರ ಮದುವೆ?"

"ಅಮೆರಿಕದವರದ್ದು."

"ಅಮೆರಿಕದವರು ಬಾಳೆಲೆಯಲ್ಲಿ ಉಣ್ಣುತ್ತಾರಾ?"

ಆಶಾಲತಾ ಎಲೆಗಳ ಕಡೆ ನೋಡಿದಳು. ಅದನ್ನು ಯಾವಾಗ ಕತ್ತರಿಸಿದೆ ಎಂದು ಅವಳಿಗೆ ನೆನಪಾಗಲಿಲ್ಲ. ಕೂತವರ ಮುಂದೆ ಬರಿ ಮೇಜು ಇಡಲು ಮನಸ್ಸಾಗಿರಲಿಲ್ಲ, ಅಷ್ಟು ನೆನಪಿತ್ತು.

"ನಮ್ಮ ಪಕ್ಕದ ಮನೆಯವರು ಮಾಡಿದ್ದನ್ನು ನಾನು ಸಣ್ಣವಳಿರುವಾಗ ನೋಡಿದ್ದೇನೆ," ಎಂದಳು ಇಸಾಬೆಲ್. "ಹೀಗೇ ಬೆಂಚು. ಹೀಗೇ ಎಲೆ. ಇದನ್ನು ಕುಡುಕರ ಪಾರ್ಟಿಗೆ ಹೊತ್ತುಕೊಂಡು ಹೋಗಲು ನನಗೆ ಕೈ ಬರುವುದಿಲ್ಲ. ಹೆಸರಿಲ್ಲದೆ ಇದನ್ನು ಯಾರೂ ಮಾಡುವುದಿಲ್ಲ ಆಶಕ್ಕ."

ಮೋನಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅವನಿಗೂ ಅರ್ಥವಾಗಿತ್ತು.

"ಗಂಟು ಬಿಚ್ಚು ಆಶಾ," ಎಂದ ಸುಕುಮಾರ.

"ಯಾಕೆ? ಮೇಡಂ ಕೇಳಿದ್ದು ಗಂಡ ಹೆಂಡತಿ. ಅಣ್ಣ ತಂಗಿ ಅಲ್ಲ."

"ಆ ಶರ್ಟನ್ನಾದರೂ ತೆಗಿ."

"ನೀವು ಕಪ್ಪು ಬಟ್ಟೆ ತಂದುಕೊಡಿ, ತೆಗೆಯುತ್ತೇನೆ." ಅವಳ ದನಿ ಏರಿತು. "ಎಲ್ಲರಿಗೂ ಏನಾಗಿದೆ? ಕಾಗದ, ತಂತಿ, ಥರ್ಮೊಕೋಲು. ನಾನು ಮಾಡಿದ್ದು. ಇದರಲ್ಲಿ ಯಾರೂ ಇಲ್ಲ. ಎತ್ತು ಮೋನಪ್ಪ!"

ಮೋನಪ್ಪ ಎತ್ತಲಿಲ್ಲ. ಕೊನೆಗೆ ಅವಳೇ ಮದುಮಗನನ್ನು ಎತ್ತಿಕೊಂಡು ಶಟರಿನಡಿ ಬಗ್ಗಿ ಹೊರಗೆ ನಡೆದಳು. ಶಾಲಿಗೆ ಕಟ್ಟಿದ್ದ ಗಂಟು ಬಿಚ್ಚದಿದ್ದ ಕಾರಣ ಮದುಮಗಳೂ ಜೊತೆಗೆ ಎಳೆದುಕೊಂಡು ಬಂದಳು. ಸುಕುಮಾರ ಓಡಿಬಂದು ಮದುಮಗಳನ್ನು ಹಿಡಿದುಕೊಳ್ಳಬೇಕಾಯಿತು. ಎಲೆಗಳನ್ನು ಇಸಾಬೆಲ್ ಮಡಚಿ ತನ್ನ ಬ್ಯಾಗಿನಲ್ಲಿಟ್ಟುಕೊಂಡಳು. ಮೇಜಿನ ಮೇಲೆ ಹಾಕಿದಳೋ ಇಲ್ಲವೋ ಯಾರೂ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಂಡ ಹೆಂಡತಿ ಕಾಂಪೌಂಡಿಗೆ ಹೋದರು. ಆಕಾಶದ ದಕ್ಷಿಣದ ಅಂಚಿನಲ್ಲಿ ಮಾತ್ರ ಹೊಗೆ ಉಳಿದಿತ್ತು. ಉರಿಯುವ ಬಾವಿಗಳು ಇನ್ನು ಬೆರಳೆಣಿಕೆ ಎಂದು ರೇಡಿಯೊ ಹೇಳುತ್ತಿತ್ತು. ಹಾಲಿನಲ್ಲಿ ಕುಂಬಳಕಾಯಿಗಳು ಉರುಳಿದ್ದವು, ವಿಡಿಯೊ ಟೇಪಿನ ಗೊಂಚಲನ್ನು ಯಾರೋ ಕುತ್ತಿಗೆಗೆ ಸುತ್ತಿಕೊಂಡು ಕುಣಿದು ಅಲ್ಲೇ ಬಿಟ್ಟಿದ್ದರು. ನಡು ಮೇಜಿನ ಹತ್ತಿರ ಮದುಮಗಳು ಒಬ್ಬಳೇ ಕೂತಿದ್ದಳು. ಮುಸುಕಿನ ತುದಿಯಲ್ಲಿ ಗಂಟು ಹಾಗೇ ಇತ್ತು, ಗಂಟಿನಲ್ಲಿ ಹರಿದ ಬೇಗಡೆಯ ಚೂರು.

"ಅವನೆಲ್ಲಿ?" ಎಂದಳು ಆಶಾಲತಾ.

ಮೋನಪ್ಪ ಪೊರಕೆ ನಿಲ್ಲಿಸಿದ. "ಕೊಂಡುಹೋದರಕ್ಕ. ಬೆಳಗಿನ ಪಾಳಿಯವರು ಗಾಡಿಯಲ್ಲಿ ಕೂರಿಸಿಕೊಂಡರು. ನಮ್ಮ ಜೊತೆ ಬಾವಿಗೆ ಬರಲಿ ಅಂತ ನಗಾಡುತ್ತಿದ್ದರು."

"ಯಾವ ಬಾವಿಗೆ?"

"ನನಗೇನು ಗೊತ್ತು? ಗಾಡಿ ಆ ಕಡೆ ಹೋಯಿತು."

ಆಶಾಲತಾ ಗೇಟಿಗೆ ಓಡಿದಳು. ಸುಕುಮಾರನೂ ಮೋನಪ್ಪನೂ ಹಿಂದೆ. ಗೇಟಿನಲ್ಲಿ ನೇಪಾಳದ ಒಬ್ಬ ಕಾವಲುಗಾರ, ಆಗಷ್ಟೇ ಪಾಳಿಗೆ ಬಂದವನು, ಚಹಾ ಕುಡಿಯುತ್ತಿದ್ದ. ಅವಳು ಅವನಿಗೆ ಹಿಂದಿಯಲ್ಲಿ ಹೇಳತೊಡಗಿದಳು. ಕಪ್ಪು ಶರ್ಟು, ಚಿನ್ನದ ಗುಂಡಿ, ತೆಳ್ಳನೆಯವನು, ಎಡಭುಜ ಸ್ವಲ್ಪ ತಗ್ಗು. ಗಾಡಿಯಲ್ಲಿ ಹತ್ತಿಸಿಕೊಂಡು ಹೋದರಂತೆ, ನೋಡಿದಿರಾ? ಮಾತು ತಡವರಿಸದೆ ಬರುತ್ತಿತ್ತು. ಜುಲೈ ತಿಂಗಳಿಡೀ ಪೊಲೀಸ್ ಠಾಣೆ, ಆಸ್ಪತ್ರೆ, ಬೇಕರಿ, ಮಸೀದಿಯ ಬಾಗಿಲುಗಳಲ್ಲಿ ನಿಂತು ಹೇಳಿ ಹೇಳಿ ಬಾಯಿಪಾಠವಾದ ಮಾತು.

ಕಾವಲುಗಾರ ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತ. ಇಂಥ ಹೆಂಗಸರನ್ನು ಅವನು ಆ ವರ್ಷ ಕಂಡಿದ್ದ.

"ಅವನು ನಿಮಗೆ ಏನಾಗಬೇಕು, ಬೆಹನ್?"

"ತಮ್ಮ."

"ಯಾವಾಗಿನಿಂದ ಕಾಣೆ?"

"ಜನವರಿಯಿಂದ."

"ಅಕ್ಕ," ಎಂದ ಮೋನಪ್ಪ ಹಿಂದಿನಿಂದ, ಗಾಬರಿಯಲ್ಲಿ. "ನೀವು ಹುಡುಕುವುದು ಗೊಂಬೆಯನ್ನಲ್ಲವಾ?"

ಆಶಾಲತಾ ತಿರುಗಿ ನೋಡಿದಳು. ಮೋನಪ್ಪ ಪೊರಕೆಯನ್ನು ಎದೆಗವಚಿಕೊಂಡು ನಿಂತಿದ್ದ. ಸುಕುಮಾರ ರಸ್ತೆಯ ಕಡೆ ಮುಖ ಮಾಡಿದ್ದ. ಕಾವಲುಗಾರ ಏನೂ ತಿಳಿಯದೆ ಕುರ್ಚಿಯನ್ನು ಅವಳ ಕಡೆ ತಳ್ಳಿದ. ಅವಳು ಕೂತಳು. ಇನ್ನು ಯಾರನ್ನೂ ಏನನ್ನೂ ಕೇಳಲಿಲ್ಲ.

ಬಿಸಿಲೇರಿದ ಮೇಲೆ ಗಾಡಿ ಬಂತು. ಮುಂದಿನ ಸೀಟಿನಲ್ಲಿ ಕೆಂಪು ಮೇಲಂಗಿಯ ಇಬ್ಬರು, ನಡುವೆ ಮದುಮಗ. ಬೆಲ್ಟು ಕಟ್ಟಿದ್ದರು, ತಲೆಗೆ ತಗಡಿನ ಟೋಪಿ ಇಟ್ಟಿದ್ದರು. ಗೇಟಿನಲ್ಲಿ ಹೆಂಗಸು ಕೂತಿರುವುದನ್ನೂ ಇಸಾಬೆಲ್ ಓಡಿಬರುತ್ತಿರುವುದನ್ನೂ ಕಂಡು ಅವರು ಇಳಿದರು. ಇಸಾಬೆಲ್ ಅವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಏನು ಹೇಳಿದಳೆಂದು ಆಶಾಲತಾ ಆಮೇಲೂ ಕೇಳಲಿಲ್ಲ. ಆ ಇಬ್ಬರಲ್ಲಿ ವಯಸ್ಸಾದವನು ಟೋಪಿ ತೆಗೆದ. ಬೆಲ್ಟು ಬಿಚ್ಚಿ, ಒಂದು ಕೈ ಬೆನ್ನಿನಡಿ, ಒಂದು ಕೈ ಮೊಣಕಾಲಿನಡಿ ಹಾಕಿ, ಗಾಯವಾದವನನ್ನು ಇಳಿಸುವ ಹಾಗೆ ಇಳಿಸಿ ಅವಳ ತೋಳಿಗೆ ಕೊಟ್ಟ. ಅವನ ಕೈಯೆಲ್ಲ ಎಣ್ಣೆ. ಶರ್ಟಿನ ಎದೆಯ ಮೇಲೂ ಎಣ್ಣೆಯ ಹನಿಗಳು ಬಿದ್ದು ಹರಡಿದ್ದವು.

ಹೆಣಕ್ಕಾದರೆ ಭಾರ ಇರುತ್ತದೆ. ಇದಕ್ಕೆ ಏನೂ ಇರಲಿಲ್ಲ. ಒಂದು ಚೀಲ ಹಪ್ಪಳದಷ್ಟೂ ಇರಲಿಲ್ಲ. ಆದರೂ ಅವಳು ಅದನ್ನು ಗಂಡನ ಕೈಗೆ ಕೊಡದೆ ತಾನೇ ಕಾಂಪೌಂಡಿನ ವ್ಯಾನಿನವರೆಗೆ ಹೊತ್ತಳು. ಹಿಂದೆ ಸೀಟಿನ ಮೇಲೆ ಮಲಗಿಸಿ ಗುಂಡಿಗಳನ್ನು ಬಿಚ್ಚಿದಳು. ಶರ್ಟು ಕಳಚಿದ ಮೇಲೆ ಉಳಿದದ್ದು ತಂತಿ ಮತ್ತು ಹಳೆಯ ಅರಬ್ಬಿ ಪೇಪರು. ಅದನ್ನು ಮಡಚಿ, ಆಗಲೇ ವ್ಯಾನಿಗೆ ಬಂದಿದ್ದ ಮದುಮಗಳ ಜೊತೆಗೇ ಇಟ್ಟಳು.

"ಅಂಗಡಿಗೆ ಹೋಗೋಣವಾ?" ಎಂದ ಸುಕುಮಾರ.

"ಮೊದಲು ಲಾಂಡ್ರಿ."

ಜುಮ್ಮಾ ನಮಾಜು ಮುಗಿಸಿ ಚಾಚಾ ಆಗಷ್ಟೇ ಬಾಗಿಲು ತೆಗೆದಿದ್ದ. ಶರ್ಟನ್ನು ಬಿಡಿಸಿದವನು ಗುಂಡಿ ನೋಡಿ ಗುರುತು ಹಿಡಿದ. ಎಣ್ಣೆಯ ಕಲೆ ನೋಡಿದ. ಅವನ ಮುಖ ಅರಳಿತು. ಇಷ್ಟು ತಿಂಗಳು ಕವರಿನಲ್ಲಿದ್ದ ಶರ್ಟು ಕೊಳೆಯಾಗಿದೆ ಎಂದರೆ ಯಾರೋ ಹಾಕಿಕೊಂಡಿದ್ದಾರೆ ಎಂದರ್ಥ.

"ಬಂದನಾ ಬೇಟಿ? ಅಕ್ಷಯ್ ಬಂದನಾ?"

ಸುಕುಮಾರ ಏನೋ ಹೇಳಲು ಹೋದ. ಅವಳು ಅವನ ತೋಳು ಹಿಡಿದಳು.

"ಇಲ್ಲ ಚಾಚಾ. ಅವನು ಬರುವುದಿಲ್ಲ."

ಹೇಳಿದ ಮೇಲೆ ಅವಳು ಕಾದಳು, ಏನಾದರೂ ಆಗುತ್ತದೆಂದು. ಇಸ್ತ್ರಿಯ ಆವಿ ಬುಸ್ಸೆಂದಿತು. ರಸ್ತೆಯಲ್ಲಿ ಯಾರೋ ಹಾರ್ನು ಹೊಡೆದರು. ಚಾಚಾ ತಲೆ ತಗ್ಗಿಸಿ ತನ್ನ ಪ್ರಾರ್ಥನೆಯನ್ನು ಗೊಣಗಿ, ಆಮೇಲೆ ಕಲೆಯನ್ನು ಉಗುರಿನಿಂದ ಕೆರೆದು ನೋಡಿದ.

"ತೊಳೆಯುತ್ತೇನೆ. ಆದರೆ ಈ ಎಣ್ಣೆ ಪೂರ್ತಿ ಹೋಗುವುದಿಲ್ಲ."

"ಹೋದಷ್ಟು ಹೋಗಲಿ. ನಾಳೆ ಬೇಕು. ಊರಿಗೆ ಹೋಗುವವರ ಕೈಯಲ್ಲಿ ಕಳಿಸಬೇಕು."

ಬೂತಿನಲ್ಲಿ ಅಮ್ಮ ಕಾಯುತ್ತಿದ್ದಳು. ಮೊದಲ ಗಂಟೆಗೇ ಎತ್ತಿದಳು.

"ಪಡುಬಿದ್ರಿಯವರಿಗೆ ಹೇಳಿಬಿಡು," ಎಂದಳು ಆಶಾಲತಾ. "ಮಾವನಿಗೂ ಹೇಳು. ನಾನು ಹೇಳಿದೆ ಅಂತ ಹೇಳು."

ಆ ಕಡೆಯಿಂದ ಅಮ್ಮ ಅಳುವುದು ಕೇಳಿಸಿತು. ಹಿಂದೆ ಯಾರೋ ಬೇಗ ಮಾತಾಡಿ ಮುಗಿಸಿ ಎಂದು ಗದರುತ್ತಿದ್ದರು. ಇಷ್ಟು ದಿನ ಒಪ್ಪು, ಒಪ್ಪು ಎಂದು ಪೀಡಿಸಿದವಳು ಅಮ್ಮನೇ. ಮಗಳು ಒಪ್ಪಲಿಕ್ಕಿಲ್ಲ ಎಂಬ ಧೈರ್ಯದ ಮೇಲೆ ಪೀಡಿಸಿದ್ದಳೋ ಏನೋ.

"ಅವನ ಶರ್ಟು ಕಳಿಸುತ್ತಿದ್ದೇನೆ," ಎಂದಳು ಆಶಾಲತಾ. "ಬೆಂಚಿನ ಮೇಲೆ ಅದನ್ನೇ ಇಡಿ. ಕಪ್ಪು. ಸ್ವಲ್ಪ ಕಲೆ ಉಂಟು."

"ಮದುವೆಗೆ ಕಪ್ಪಾ?" ಅಮ್ಮ ಮೂಗು ಒರೆಸಿಕೊಂಡಳು. "ಹುಡುಗಿಯ ಕಡೆಯವರು ಏನು ಅಂದುಕೊಳ್ಳುತ್ತಾರೆ? ಬಿಳಿಯದ್ದು ಹೊಸತು ತರುತ್ತೇನೆ."

"ಅದನ್ನೂ ಇಡಿ. ಇದನ್ನೂ ಇಡಿ. ಮದುವೆಗೆ ಅಂತ ಅವನೇ ಕೊಂಡದ್ದು."

"ಆಯಿತು," ಎಂದಳು ಸರಸಮ್ಮ. ಆಮೇಲೆ ಬೇರೆ ದನಿಯಲ್ಲಿ, ಲೋಕದ ಎಲ್ಲ ತಾಯಂದಿರು ಕೇಳುವ ಹಾಗೆ ಕೇಳಿದಳು. "ಅದು ಅವನಿಗೆ ಈಗ ಆಗುತ್ತದಾ ಮಗಳೇ?"

"ಆಗುತ್ತದೆ ಅಮ್ಮ," ಎಂದಳು ಆಶಾಲತಾ. "ಹಾಕಿ ನೋಡಿದ್ದೇನೆ."